ಹೊಲಿಗೆ ಬಿಚ್ಚುವ ದಿನ

ಪಂಚೆಯ ಮೇಲಿದ್ದ ಕಲೆ ರಕ್ತದ್ದಲ್ಲ. ರಕ್ತವಾಗಿದ್ದರೆ ಹಂಸ ಕೂಗಿಬಿಡುತ್ತಿದ್ದಳೇನೋ. ಅದು ರಕ್ತ ತೊಳೆದ ನೀರಿನ ಬಣ್ಣ, ಕಣಗಿಲೆಯ ಎಸಳನ್ನು ಬಟ್ಟೆಗೆ ಒತ್ತಿ ತೆಗೆದ ಹಾಗೆ, ಅಂಗೈಯಗಲ. ಅಪ್ಪನ ಹಾಸಿಗೆಯ ಪಕ್ಕ ಮಂಡಿಯೂರಿ ಅದನ್ನು ನೋಡುತ್ತಿದ್ದಾಗ ಅಡುಗೆಮನೆಯಿಂದ ಅತ್ತೆ, ಅಪ್ಪನ ಅಕ್ಕ, ಬರುವ ಸದ್ದಾಯಿತು. ಯೋಚಿಸುವ ಮೊದಲೇ ಅವಳ ಕೈ ಪಂಚೆಯನ್ನು ಕಲೆ ಒಳಗಾಗುವಂತೆ ಸುತ್ತಿಬಿಟ್ಟಿತ್ತು. ಬಚ್ಚಲಿಗೆ ಒಯ್ದು ಬಕೀಟಿನಲ್ಲಿ ಅದ್ದಿ ಎರಡು ಚೊಂಬು ನೀರು ಹೊಯ್ದು, ನೀರು ನಸುಗೆಂಪಾಗಿ ಮತ್ತೆ ತಿಳಿಯಾದ ಮೇಲೆ, ಯಾಕೆ ಹೀಗೆ ಮಾಡಿದೆ ಎಂಬ ಪ್ರಶ್ನೆ ಬಂತು. ಹೇಗಿದ್ದರೂ ಇವತ್ತು ಹಾಸನಕ್ಕೆ ಹೋಗುವುದಿದೆ, ಡಾಕ್ಟರು ನೋಡಿಯೇ ನೋಡುತ್ತಾರೆ, ಹೊಲಿಗೆ ಬಿಚ್ಚುವ ದಿನ ಇದು ಎಂದು ತನಗೇ ಹೇಳಿಕೊಂಡಳು. ಅಪ್ಪನ ಹೊಟ್ಟೆಯ ಹುಣ್ಣು ತೂತಾಗಿ, ಹಾಸನದ ನರ್ಸಿಂಗ್ ಹೋಮಿನಲ್ಲಿ ಕೊಯ್ದು ಹೊಲಿದು ಇವತ್ತಿಗೆ ಹನ್ನೊಂದು ದಿನ. ಹನ್ನೊಂದನೆಯ ದಿನ ಎಂಬ ಮಾತನ್ನು ಅತ್ತೆ ಬಾಯಲ್ಲಿ ಆಡುವುದಿಲ್ಲ; ವ್ಯಾನಿನವನಿಗೆ ಹೇಳಿ ಕಳಿಸುವಾಗಲೂ 'ಹತ್ತಾದ್ಮೇಲಿನ ದಿವಸ' ಎಂದೇ ಹೇಳಿ ಕಳಿಸಿದ್ದಳು.

'ಎದ್ದು ಕೂತ್ಕೊಳ್ಳೋ, ಗಂಜಿ ಆರಿಹೋಗುತ್ತೆ' ಎನ್ನುತ್ತಿದ್ದಳು ಅತ್ತೆ. ಅಪ್ಪ, ಚಲುವನಾರಾಯಣ ಮೇಷ್ಟ್ರು, ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ಗಣಿತ ಹೇಳಿದವರು, ಅಕ್ಕನ ಮುಂದೆ ಈಗಲೂ ಹುಡುಗನಂತೆ ಗೋಡೆಗೆ ಒರಗಿಕೊಂಡು ಬಾಯಿ ತೆರೆದರು. ಹಂಸ ಅವರಿಗೆ ಬೇರೆ ಪಂಚೆ ಸುತ್ತಲು ಬಂದಳು. ಕಾಲು ಎತ್ತಿ ಹಿಡಿದಾಗ ಅವಳ ಎರಡು ಕೈಯ ಹೆಬ್ಬೆರಳು ನಡುಬೆರಳುಗಳು ಅಪ್ಪನ ತೊಡೆಯನ್ನು ಬಳಸಿ ಒಂದಕ್ಕೊಂದು ತಾಕಿದವು. ಮೂರು ದಿನದ ಹಿಂದೆ ತಾಕಿರಲಿಲ್ಲ. ಆ ದಿನ ಡೈರಿಯಲ್ಲಿ 'ಎರಡು ಬೆರಳು ಬಾಕಿ' ಎಂದು ಬರೆದಿದ್ದಳು; ಬೇರೆ ಯಾರಾದರೂ ಓದಿದರೆ ಏನೂ ತಿಳಿಯದ ಹಾಗೆ. ಅವಳ ಮುಖ ನೋಡಿ ಅಪ್ಪ, 'ನನ್ನ ಕಾಲೀಗ ಸರಳರೇಖೆ ಆಗೋಗಿದೆ ಕಣಮ್ಮ. ಉದ್ದ ಇದೆ, ಅಗಲ ಇಲ್ಲ' ಎಂದು ನಕ್ಕರು. ನಕ್ಕಾಗ ಹೊಟ್ಟೆ ಅಲುಗಿ, ಬ್ಯಾಂಡೇಜಿನ ಮೇಲೆ ಕೈಯಿಟ್ಟುಕೊಂಡು ಕಣ್ಣು ಮುಚ್ಚಿದರು. ಆ ಕಣ್ಣುಗಳ ಮೇಲೆ, ಕೆನ್ನೆಯ ಎರಡು ಹೊಂಡಗಳ ಮೇಲೆ, ಕಿಟಕಿಯ ಬೆಳಕು ಬಿದ್ದಿತ್ತು. ತಾನು ನೋಡುತ್ತಿರುವುದು ಬಡಕಲಾದ ಮನುಷ್ಯನನ್ನಲ್ಲ, ಎಳೆ ಎಳೆಯಾಗಿ ಬಿಚ್ಚಿಹೋಗುತ್ತಿರುವ ಏನನ್ನೋ ಎಂದು ಅವಳಿಗೆ ಅನ್ನಿಸಿತು. ಅವಳೊಬ್ಬಳಿಗೇ ಅದು ಗೊತ್ತು. ಗೊತ್ತಿದ್ದದ್ದೇ ಅವಳ ಭಯ.

ಬಿಎಸ್ಸಿ ಕೊನೆಯ ವರ್ಷದ ಪರೀಕ್ಷೆಯಲ್ಲಿ ಅದು ಹತ್ತು ಅಂಕದ ಪ್ರಶ್ನೆಯಾಗಿತ್ತು. ಗಾಯ ಮತ್ತು ಶಸ್ತ್ರಚಿಕಿತ್ಸೆಯ ನಂತರ ದೇಹದ ಪ್ರೋಟೀನು ಏನಾಗುತ್ತದೆ, ವಿವರಿಸಿ. ಎರಡೂವರೆ ಪುಟ ದುಂಡಗೆ ಬರೆದಿದ್ದಳು. ಮೊದಲ ಒಂದೆರಡು ದಿನ ದೇಹ ತಣ್ಣಗೆ ಸುಮ್ಮನಿರುತ್ತದೆ, ಆಮೇಲೆ ಒಳಗೆ ಉರಿ ಹತ್ತುತ್ತದೆ. ಗಾಯವನ್ನು ಮುಚ್ಚಲು ಬೇಕಾದ ಸಾಮಗ್ರಿಗಾಗಿ ತೊಡೆ, ತೋಳು, ಬೆನ್ನುಗಳ ಸ್ನಾಯು ಕರಗಿ ರಕ್ತಕ್ಕೆ ಇಳಿಯುತ್ತದೆ. ಉಳಿದ ಸಾರಜನಕ ಮೂತ್ರದಲ್ಲಿ ಹೋಗುತ್ತದೆ. ಹೊರಗಿನಿಂದ ಪ್ರೋಟೀನು ಬಾರದಿದ್ದರೆ ಒಂದು ದಿನಕ್ಕೆ ಕಾಲು ಕೇಜಿ, ಕೆಲವೊಮ್ಮೆ ಅರ್ಧ ಕೇಜಿ ಮಾಂಸದಷ್ಟು ಹೀಗೆ ಹೋಗಬಹುದು. ಆರೋಗ್ಯವಂತನ ದೇಹ ಉಪವಾಸವಿದ್ದರೆ ಕೆಲವು ದಿನಗಳಲ್ಲಿ ಜಿಪುಣತನ ಕಲಿಯುತ್ತದೆ, ಗಾಯಗೊಂಡ ದೇಹ ಕಲಿಯುವುದಿಲ್ಲ. ಆ ಕೊನೆಯ ವಾಕ್ಯವನ್ನು ಚೆನ್ನಾಗಿದೆ ಎಂದು ಗೆರೆ ಎಳೆದು ಬರೆದಿದ್ದಳು. ಒಂಬತ್ತು ಅಂಕ ಬಂದಿತ್ತು. ಬರೆದ ಸ್ನಾಯು ಯಾರದೂ ಆಗಿರಲಿಲ್ಲ ಆಗ. ಅದಕ್ಕೆ ಪಟಾಪಟಿ ಚಡ್ಡಿ ಇರಲಿಲ್ಲ, ಬೆಳಿಗ್ಗೆ ಆರಕ್ಕೆ ಸೈಕಲ್ ತುಳಿದುಕೊಂಡು ಹೊಳೆಯ ದಂಡೆಯವರೆಗೆ ಹೋಗಿ ಬರುವ ಅಭ್ಯಾಸ ಇರಲಿಲ್ಲ. ಹೋದ ವರ್ಷ ಅಂಕಪಟ್ಟಿ ಹಿಡಿದುಕೊಂಡು ಅರಕಲಗೂಡಿನ ಶಾಲೆಯೊಂದಕ್ಕೆ ಸಂದರ್ಶನಕ್ಕೆ ಹೋಗಿದ್ದಾಗ ಮೇಜಿನಾಚೆಯವರು ಕೇಳಿದ್ದಕ್ಕೆಲ್ಲಾ ಗೊತ್ತು ಎಂದು ತಲೆಯಾಡಿಸಿದಳು, ಹೇಳಿ ಎಂದಾಗ ನಾಲಗೆ ಅಂಗುಳಿಗೆ ಅಂಟಿಕೊಂಡಿತು. 'ಬರೀ ತಲೆ ಆಡಿಸಿದ್ರೆ ಮಕ್ಕಳಿಗೆ ಪಾಠ ಆಗುತ್ತೇನಮ್ಮಾ?' ಎಂದು ಒಬ್ಬರು ನಕ್ಕಿದ್ದರು. ಅವಳು ಅದಕ್ಕೂ ತಲೆಯಾಡಿಸಿದ್ದಳು.

ಐದನೆಯ ದಿನ, ನರ್ಸಿಂಗ್ ಹೋಮಿನ ವಾರ್ಡಿನಲ್ಲಿ, ಅತ್ತೆ ಸ್ನಾನಕ್ಕೆ ಹೋಗಿದ್ದಾಗ ಡಾಕ್ಟರ್ ಗೌರೀಶಂಕರ ಒಂದು ಚೀಟಿ ಬರೆದು ಅವಳ ಕೈಗೆ ಕೊಟ್ಟಿದ್ದರು. 'ನೀವು ಓದಿದೋರು, ನಿಮಗೇ ಕೊಡ್ತೀನಿ. ಗಾಯ ಕೂಡಬೇಕಾದ್ರೆ ಇದೇ ಮುಖ್ಯ, ಮಾತ್ರೆಗಿಂತ ಮುಖ್ಯ. ನಿಮ್ಮೋರು ಮೊದಲನೇದನ್ನ ತಿನ್ನಲ್ಲ ಅಂತ ಗೊತ್ತು. ಔಷಧಿ ಅಂದ್ಕೊಂಡು ಕೊಟ್ಬಿಡಿ.' ಚೀಟಿಯ ಮೊದಲ ಸಾಲಿನಲ್ಲಿ, ದಿನಕ್ಕೆ ಎರಡು ಮೊಟ್ಟೆಯ ಬಿಳಿ. ಅದರ ಕೆಳಗೆ ಮೂರು ಲೋಟ ಹಾಲು, ಗಟ್ಟಿಯಾದ ತೊಗರಿಬೇಳೆ, ಮೊಸರು, ಹುರಿಗಡಲೆ. ಅವಳು ತಲೆಯಾಡಿಸಿದಳು. ಡಾಕ್ಟರು ಮುಂದಿನ ಮಂಚಕ್ಕೆ ಹೋದರು. ಹಿಂದಿನ ವರಾಂಡದಲ್ಲಿ ಸೀಮೆಎಣ್ಣೆ ಸ್ಟೌ ಹಚ್ಚಿ ಅತ್ತೆ ಮಡಿಯಲ್ಲಿ ಗಂಜಿ ಬೇಯಿಸುತ್ತಿದ್ದ ಅಲ್ಲಿನ ಕೊನೆಯ ಎರಡು ದಿನಗಳಲ್ಲಿ, ಊರಿಗೆ ಬಂದ ಈ ನಾಲ್ಕು ದಿನಗಳಲ್ಲಿ, ಹಂಸ ಆ ಚೀಟಿಯನ್ನು ತೋರಿಸಲು ಎಷ್ಟು ಸಲ ಎದ್ದಿದ್ದಾಳೆ, ಎಷ್ಟು ಸಲ ಕುಳಿತಿದ್ದಾಳೆ. ಅತ್ತೆಗೆ ಇಂಗ್ಲಿಷು ಬಾರದು; ಎದುರುಮನೆಯ ರಿಟೈರಾದ ಪೋಸ್ಟ್‌ಮಾಸ್ಟರಿಗೆ ಕೊಟ್ಟು ಗಟ್ಟಿಯಾಗಿ ಓದಿಸುತ್ತಾಳೆ. ಜಗುಲಿಯ ಮೇಲೆ ಮೊಟ್ಟೆ ಎಂಬ ಪದ ಉಚ್ಚಾರವಾಗುತ್ತದೆ. ಹಾಗೆ ಬರೆದ ಡಾಕ್ಟರ ಬೇರೆ ಯಾವ ಮಾತನ್ನೂ ಅತ್ತೆ ಆಮೇಲೆ ನಂಬುವುದಿಲ್ಲ, ಅದನ್ನು ತಂದ ಹುಡುಗಿಯನ್ನೂ. ಮೊದಲ ಸಾಲನ್ನು ಹರಿದು ಉಳಿದದ್ದನ್ನು ತೋರಿಸಬಹುದಿತ್ತು. ಹರಿದದ್ದು ಯಾಕೆ ಎಂದು ಕೇಳಿದರೆ? ಬಾಯಿಮಾತಿನಲ್ಲಿ ಹೇಳಬಹುದಿತ್ತು. ಯಾರು ಹೇಳಿದ್ದು, ಎಲ್ಲಿ ಬರೆದಿದ್ದಾರೆ ಎಂದರೆ? ಹೀಗೆ ಒಂದು ಪದದ ಹಿಂದೆ ಹಾಲು ಅಡಗಿತು, ಬೇಳೆ ಅಡಗಿತು, ಮೊಸರು ಅಡಗಿತು, ಎಲ್ಲವೂ ನಾಲ್ಕು ಮಡಿಕೆಯಾಗಿ ತೊಂಬತ್ತೇಳರ ಡೈರಿಯ ಹೊದಿಕೆಯೊಳಗೆ ಸೇರಿಕೊಂಡವು.

ಒಂದು ಸಲ ಮಾತ್ರ ಪ್ರಯತ್ನಿಸಿದ್ದಳು. ಊರಿಗೆ ಬಂದ ದಿನ, ಒಲೆಯ ಮುಂದೆ. 'ಅತ್ತೆ, ಒಂಚೂರು ಬೇಳೆ ಕಟ್ಟು ಬೆರೆಸಿದ್ರೆ...'

ಅತ್ತೆ ತಿರುಗಲಿಲ್ಲ. 'ಬೇಳೆ ನಂಜು. ಹೊಲಿಗೆ ಕೀವು ಕಟ್ಟುತ್ತೆ.'

'ಪುಸ್ತಕದಲ್ಲಿ ಹಾಗಿಲ್ಲ ಅತ್ತೆ.'

'ಪುಸ್ತಕ ನೀನು ನೋಡ್ಕೋ, ಒಲೆ ನಾನು ನೋಡ್ಕೋತೀನಿ. ತಿಂಗಳಿಗೆರಡು ಏಕಾದಶಿ ನಿಟ್ಟುಪವಾಸ ಮಾಡ್ತೀನಿ, ಮೂವತ್ತು ವರ್ಷದಿಂದ. ನನಗೇನಾಗಿದೆ? ಕಲ್ಲುಗುಂಡಿನ ಹಾಗಿದೀನಿ.' ಸೌಟನ್ನು ಪಾತ್ರೆಯ ಅಂಚಿಗೆ ತಟ್ಟಿ, ಬೇರೆ ದನಿಯಲ್ಲಿ ಹೇಳಿದಳು: 'ಚನ್ನರಾಯಪಟ್ಟಣದಲ್ಲಿ ನಮ್ಮ ಯಜಮಾನ್ರಿಗೆ ತೆಂಗಿನಕಾಯಿ ಮಂಡಿಯಲ್ಲಿ ಮೊಳೆ ತುಳಿದು ಕಾಲು ಗಾಯ ಆಗಿತ್ತಲ್ಲ. ತೊವ್ವೆ ಬೇಕು ಅಂತ ಹಟ ಮಾಡಿದ್ರು. ಮಾಡಿ ಬಡಿಸಿದೆ, ತುಪ್ಪ ಹಾಕಿ. ನಾಲ್ಕನೇ ದಿವಸಕ್ಕೆ ಕೀವು. ಹದಿನೈದಕ್ಕೆ ಕಾಲು ತೆಗೆದ್ರು. ಆಮೇಲೆ ಅವರೇ ಇರ್ಲಿಲ್ಲ. ಈ ಕೈಲೇ ಬಡಿಸಿದ್ದು.' ಅವರಿಗೆ ಸಕ್ಕರೆ ಕಾಯಿಲೆ ಇತ್ತು, ಕೀವಿಗೆ ಅದು ಕಾರಣ, ತೊವ್ವೆ ಅಲ್ಲ, ಎಂಬ ಮಾತು ಹಂಸಳ ಗಂಟಲಿನವರೆಗೆ ಬಂತು. ಆ ಕೈಯನ್ನು ನೋಡಿದಳು. ನೋಡಿದ ಮೇಲೆ ಮಾತು ಮತ್ತೆ ಒಳಕ್ಕೆ ಇಳಿಯಿತು.

ಒಂಬತ್ತಕ್ಕೆ ವ್ಯಾನು ಬಂತು. ವ್ಯಾನಿನವನು, ಗುಂಡಯ್ಯ, ಮೇಷ್ಟ್ರನ್ನು ಅನಾಮತ್ತಾಗಿ ಎತ್ತಿ ಹಿಂದಿನ ಸೀಟಿನ ಮೇಲೆ ಮಲಗಿಸಿ, 'ಏನ್ ಸಾ, ಹಿಂಗ್ ಅಗುರಾಗ್ಬುಟ್ರಿ! ಹತ್ತಿ ಮೂಟೆ ಎತ್ದಂಗಾಯ್ತು ಕಣಿ' ಎಂದ. ಅವನು ಅಪ್ಪನ ಬಳಿ ಎಂಟನೆಯ ಕ್ಲಾಸಿನಲ್ಲಿ ಎರಡು ಸಲ ಫೇಲಾದವನು. 'ಆಗ ನನ್ನ ಕಿವಿ ಇಂಡ್ಬುಟ್ಟು ಬೆಂಚ್ ಮ್ಯಾಕೆ ನಿಲ್ಸೋರಲ್ಲ, ಏನ್ ತಾಕತ್ತಿತ್ತು ಆ ಕೈಯಾಗೆ! ಊಟ ಗೀಟ ಸರಿಯಾಗಾಯ್ತಾ ಐತಾ ಅವ್ವಾರೇ?' ಅತ್ತೆ ಮುಂದಿನ ಸೀಟಿನಿಂದ, 'ಪಥ್ಯದಲ್ಲಿದಾನೆ ಕಣಪ್ಪ, ಇವತ್ತು ಹೊಲಿಗೆ ಬಿಚ್ಚಿದ್ರೆ ಮುಗೀತು' ಎಂದಳು. ಆ ದನಿಯಲ್ಲಿ ಒಂದು ಬಗೆಯ ಹೆಮ್ಮೆ ಇತ್ತು. ಹನ್ನೊಂದು ದಿನ ತಮ್ಮನನ್ನು ನಂಜು ತಾಕದ ಹಾಗೆ ಕಾದ ಹೆಮ್ಮೆ. ಅಪ್ಪನ ತಲೆ ಅವಳ ಮಡಿಲಿನಲ್ಲಿತ್ತು. ಮೊಸಳೆ ಹೊಸಳ್ಳಿ ದಾಟುವಾಗ ರಸ್ತೆಯ ಗುಂಡಿಯಲ್ಲಿ ವ್ಯಾನು ಎಗರಿತು. ಅಪ್ಪ 'ಹಾ' ಎಂದು ಅವಳ ಮಣಿಕಟ್ಟನ್ನು ಹಿಡಿದರು. ಹಿಡಿತ ಎಂದು ಅದನ್ನು ಕರೆಯುವಂತಿರಲಿಲ್ಲ. ಹೊಟ್ಟೆಯೊಳಗೆ ಏನೋ ಪಟ್ ಎಂದು ಬಿಟ್ಟಂತಾಯಿತು ಎಂದು ಪಿಸುದನಿಯಲ್ಲಿ ಹೇಳಿದರು, 'ಅಕ್ಕನಿಗೆ ಹೇಳ್ಬೇಡ, ಹೆದರ್ಕೋತಾಳೆ.' ಹೇಳಬಾರದ ಮಾತುಗಳನ್ನು ಇಡುವ ಡಬ್ಬಿಯಂತೆ ಎಲ್ಲರೂ ತನ್ನನ್ನು ಬಳಸುತ್ತಾರೆ ಎನ್ನಿಸಿ ಅವಳಿಗೆ ಮೊದಲ ಸಲ ಸಿಟ್ಟು ಬಂತು. ಸಿಟ್ಟು ಯಾರ ಮೇಲೆ ಎಂದು ಹುಡುಕುವಷ್ಟರಲ್ಲಿ ಹಾಸನದ ಹೊರವಲಯದ ಮರದ ಡಿಪೋಗಳು ಕಾಣಿಸಿದವು. ಅಪ್ಪನ ಹೊಸ ಪಂಚೆಯ ಮೇಲೂ ಕಲೆ ಮೂಡುತ್ತಿತ್ತು. ಈಗ ಸುತ್ತಿ ಮುಚ್ಚಲು ಆಗುವಂತಿರಲಿಲ್ಲ. ತನ್ನ ಸೆರಗನ್ನು ಅದರ ಮೇಲೆ ಎಳೆದುಕೊಂಡಳು.

ಡ್ರೆಸಿಂಗ್ ಕೋಣೆಗೆ ಒಬ್ಬರೇ ಬರಬೇಕು ಎಂದಾಗ ಅತ್ತೆ, 'ನೀನೇ ಹೋಗು, ನನಗೆ ನೋಡಕ್ಕಾಗಲ್ಲ' ಎಂದು ಹೊರಗಿನ ಬೆಂಚಿನ ಮೇಲೆ ಕುಳಿತಳು. ಡಾಕ್ಟರು ಬ್ಯಾಂಡೇಜು ಬಿಚ್ಚುತ್ತಾ ಅಪ್ಪನ ಜತೆ ಶಾಲೆಯ ವಿಷಯ ಮಾತಾಡುತ್ತಿದ್ದರು. ಬಟ್ಟೆಯ ಕೊನೆಯ ಪದರ ಎತ್ತಿದಾಗ ಮಾತು ಅರ್ಧಕ್ಕೆ ನಿಂತಿತು. ಒಂದು ಹೊಲಿಗೆ ಕತ್ತರಿಸಿದರು. ಗಾಯದ ಎರಡು ಅಂಚುಗಳು, ಕೂಡಿಕೊಂಡಿರಬೇಕಾದವು, ಪರಿಚಯವಿಲ್ಲದವರ ಹಾಗೆ ಬೇರೆ ಬೇರೆಯಾದವು. ನಡುವಿನಿಂದ ಆ ತಿಳಿಗೆಂಪು ನೀರು ಒಂದೇ ಸಮನೆ ಹರಿಯಿತು. ಡಾಕ್ಟರು ಹತ್ತಿಯ ದೊಡ್ಡ ಉಂಡೆಯನ್ನು ಒತ್ತಿ ಹಿಡಿದು, 'ಮೇಷ್ಟ್ರೇ, ಕೆಮ್ಮಬೇಡಿ, ಮಾತಾಡಬೇಡಿ, ಹಾಗೇ ಇರಿ' ಎಂದರು. ಆಮೇಲೆ ಹಂಸಳ ಕಡೆಗೆ ತಿರುಗದೆಯೇ, 'ಒಳಗಿನ ಹೊಲಿಗೆ ಬಿಟ್ಕೊಂಡಿದೆ. ಈ ನೀರು ಯಾವಾಗಿಂದ?'

'ಬೆಳಿಗ್ಗೆಯಿಂದ.'

'ಊಟ? ಚೀಟಿಯಲ್ಲಿ ಬರ್ದಿದ್ದೆಲ್ಲಾ ಕೊಡ್ತಿದ್ರಲ್ಲಾ?'

ಅವಳು ತಲೆಯಾಡಿಸಿದಳು.

ಅದು ಸುಳ್ಳು ಹೇಳಿದ್ದಲ್ಲ. ಸುಳ್ಳಿಗೆ ಒಂದು ಕ್ಷಣದ ಲೆಕ್ಕಾಚಾರ ಬೇಕು. ಇದು ಕುತ್ತಿಗೆಯ ಹಳೆಯ ಚಾಳಿ, ದೊಡ್ಡವರು ಕೇಳಿದಾಗ ತಾನಾಗಿ ಆಗುವಂಥದ್ದು. ಡಾಕ್ಟರು ಅಪ್ಪನ ಭುಜವನ್ನು, ತೊಡೆಯನ್ನು ಮುಟ್ಟಿ ನೋಡಿ, ಹುಬ್ಬುಗಂಟಿಕ್ಕಿ, ಕೋಣೆಯ ಮೂಲೆಗೆ ಹೋಗಿ ಸಿಸ್ಟರಿಗೆ ತಗ್ಗಿದ ದನಿಯಲ್ಲಿ ಹೇಳಿದ್ದು ಅವಳಿಗೆ ಪ್ರತಿ ಅಕ್ಷರವೂ ಕೇಳಿತು. 'ಊಟ ಚೆನ್ನಾಗಿ ಹೋಗಿದೆ ಅಂತಾರೆ. ಆದ್ರೂ ಇಷ್ಟು ಇಳಿದಿದಾರೆ, ಗಾಯ ಒಂದಿಷ್ಟೂ ಕೂಡಿಲ್ಲ. ಅಂದ್ರೆ ಒಳಗೆ ಬೇರೆ ಏನೋ ಇದೆ, ಹುಣ್ಣು ಬರೀ ಹುಣ್ಣಲ್ವೇನೋ. ಸುಮ್ನೆ ಮುಚ್ಚಿ ಬರೋದು ಬೇಡ. ಪೂರ್ತಿ ಬಿಚ್ಚಿ ಎಲ್ಲಾ ನೋಡೋಣ. ಎರಡು ಮೂರು ಗಂಟೆ ಹಿಡಿಯುತ್ತೆ.' 'ತಡ್ಕೋತಾರಾ ಸರ್?' ಎಂದಳು ಸಿಸ್ಟರ್. 'ನೋಡ್ಬೇಕು.' ಒಂದು ಕಾಗದ ಬಂತು, ರುಜು ಮಾಡಲು ಜಾಗ ತೋರಿಸಿದರು, ಹಂಸ ರುಜು ಮಾಡಿದಳು. ಅವಳ ಅಕ್ಷರ ಯಾವಾಗಿನಂತೆ ದುಂಡಗೇ ಬಂತು. ಅಪ್ಪನನ್ನು ತಳ್ಳುಗಾಡಿಯ ಮೇಲೆ ಹಾಕಿಕೊಂಡು ಹೋಗುವಾಗ ಅವರು ಅವಳ ಕಡೆ ನೋಡಿ, ಮಾತಾಡಬಾರದೆಂದು ಹೇಳಿದ್ದರಿಂದ, ಹುಬ್ಬನ್ನು ಮಾತ್ರ ಎತ್ತಿದರು.

ಕಾರಿಡಾರಿನ ಗೋಡೆಗೆ ಎದೆಯೆತ್ತರಕ್ಕೆ ಹಸಿರು ಬಣ್ಣ ಬಳಿದಿದ್ದರು. ಆ ಗೆರೆಯನ್ನೇ ಹಿಡಿದುಕೊಂಡು ಅವಳು ಬೆಂಚಿನವರೆಗೆ ಬಂದಳು. ಅತ್ತೆ, 'ಏನಂತೆ? ಬಿಚ್ಚಿದ್ರಾ?' ಎಂದಳು. 'ಮತ್ತೆ ಹೊಲೀಬೇಕಂತೆ.' 'ಅಯ್ಯೋ ನರಸಿಂಹ! ಕೀವಾಗಿದೆಯಾ?' 'ಇಲ್ಲ.' 'ಆಗಿಲ್ಲ ತಾನೇ? ಸದ್ಯ' ಎಂದು ಅತ್ತೆ ಎರಡೂ ಕೈ ಜೋಡಿಸಿ ಕಣ್ಣು ಮುಚ್ಚಿದಳು. ಅವಳ ತುಟಿಗಳು ಅಲುಗತೊಡಗಿದವು. ಹಂಸ ಪಕ್ಕದಲ್ಲಿ ಕುಳಿತಳು. ಕುಳಿತರೆ ಕಾಲ ನಿಲ್ಲುವುದಿಲ್ಲ ಎಂಬುದು ಗೋಡೆಯ ಗಡಿಯಾರದಿಂದ ಗೊತ್ತಾಗುತ್ತಿತ್ತು. ಇಲ್ಲದ ಯಾವುದನ್ನೋ ಹುಡುಕಲು ಅಪ್ಪನನ್ನು ಪೂರ್ತಿ ಬಿಚ್ಚುತ್ತಾರೆ. ಕರುಳನ್ನು ಒಂದೊಂದಾಗಿ ಎತ್ತಿ ನೋಡುತ್ತಾರೆ. ಪ್ರತಿ ನಿಮಿಷವೂ ಹೊಸ ಗಾಯ. ಪ್ರತಿ ಗಾಯಕ್ಕೂ ತೊಡೆ ತೆರಬೇಕು. ತೆರಲು ತೊಡೆಯಲ್ಲಿ ಏನು ಉಳಿದಿದೆ, ಅವಳ ಬೆರಳುಗಳು ಬೆಳಿಗ್ಗೆ ತಾನೇ ಒಂದನ್ನೊಂದು ಮುಟ್ಟಿದ್ದವು. ಎದ್ದು ಹೋಗಿ ಒಂದು ಮಾತು ಹೇಳಿದರೆ ಸಾಕು. ಹೇಳಿದರೆ ಡಾಕ್ಟರು ಯಾಕೆ ಎಂದು ಕೇಳುತ್ತಾರೆ. ಬಾಗಿಲು ಇಲ್ಲೇ ಇದೆ, ಅತ್ತೆಗೆ ಕೇಳಿಸುತ್ತದೆ. ಇಡೀ ಊರಿಗೆ ಕೇಳಿಸುತ್ತದೆ, ಓದಿದ ಮಗಳು ಅಪ್ಪನನ್ನು ಹಸಿವಿನಲ್ಲಿಟ್ಟಳಂತೆ. ಇನ್ನು ಐದು ನಿಮಿಷ ಬಿಟ್ಟು ಹೋದರೆ? ಈ ಐದು ನಿಮಿಷಗಳನ್ನೇ ಅವಳು ಆರು ದಿನದಿಂದ ಕೇಳಿ ಪಡೆದುಕೊಂಡು ಬಂದಿದ್ದಾಳೆ. ಅವಳು ಎದ್ದದ್ದು ಧೈರ್ಯದಿಂದಲ್ಲ. ಕೂತಿರುವುದು ಎದ್ದು ಹೋಗುವುದಕ್ಕಿಂತ ಹೆಚ್ಚು ಹೆದರಿಕೆಯದಾಗಿ ಹೋಗಿತ್ತು, ಅಷ್ಟೆ.

ಆಪರೇಷನ್ ಥಿಯೇಟರಿನ ಮುಂದೆ ಆಯಾ ಮುದ್ದಮ್ಮ ಕೈ ಅಡ್ಡ ಹಿಡಿದಳು. 'ಏಯ್, ಏಯ್! ಒಳಕ್ಕೆ ಓಗಂಗಿಲ್ಲ ಕಣವ್ವಾ. ಮೆಟ್ಟು ಬ್ಯಾರೆ ಆಕ್ಕಂಡು ನುಗ್ತೀಯಲ್ಲ!' ಹಂಸ ಚಪ್ಪಲಿ ಬಿಟ್ಟು, ಅವಳ ತೋಳಿನ ಕೆಳಗೆ ಬಗ್ಗಿ ಬಾಗಿಲು ತಳ್ಳಿದಳು. ಡಾಕ್ಟರು ನಲ್ಲಿಯ ಮುಂದೆ ಮೊಣಕೈವರೆಗೆ ಸೋಪು ಹಚ್ಚಿಕೊಂಡು ನಿಂತಿದ್ದರು.

'ಕೊಟ್ಟಿಲ್ಲ' ಎಂದಳು.

'ಏನು ಕೊಟ್ಟಿಲ್ಲ?'

'ಏನೂ. ಚೀಟಿಯಲ್ಲಿ ಬರೆದಿದ್ದು ಏನೂ ಕೊಟ್ಟಿಲ್ಲ. ಬರೀ ಅಕ್ಕಿಗಂಜಿ, ಮೆಣಸಿನ ಸಾರು.'

'ಬೇಳೆ?'

'ಇಲ್ಲ.'

'ಹಾಲು, ಮೊಸರು?'

'ಇಲ್ಲ ಸರ್. ಒಳಗೆ ಬೇರೇನೂ ಇಲ್ಲ. ಊಟವೇ ಇಲ್ಲ. ಆಗ ಸುಮ್ನೆ ತಲೆ ಆಡಿಸಿಬಿಟ್ಟೆ. ಮೊದಲನೇ ಸಾಲಲ್ಲಿ ಮೊಟ್ಟೆ ಅಂತ ಇತ್ತು, ಅದಕ್ಕೆ ಚೀಟಿ ಯಾರಿಗೂ ತೋರಿಸಲಿಲ್ಲ. ಅತ್ತೆಗೆ ಗೊತ್ತಿಲ್ಲ. ಅವರಿಗೆ ನಾನು ಹೇಳಲೇ ಇಲ್ಲ.' ಅವಳ ಜೀವಮಾನದಲ್ಲಿ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು. ದನಿ ಒಡೆದು ಕಾರಿಡಾರಿನ ತುಂಬ ಕೇಳುವಂತಿತ್ತು. ಬಾಗಿಲನ್ನು ಮುದ್ದಮ್ಮ ಹಿಡಿದುಕೊಂಡೇ ನಿಂತಿದ್ದಳು.

ಡಾಕ್ಟರು ಮೊಣಕೈಯಿಂದ ನಲ್ಲಿ ನಿಲ್ಲಿಸಿದರು. ಅವರು ಬೈಯುತ್ತಾರೆ ಎಂದು ಅವಳು ಕಾದಳು, ಬೈದರೆ ಅಷ್ಟಾದರೂ ಹಗುರವಾಗುತ್ತಿತ್ತು. ಅವರು ಅವಳ ಮುಖವನ್ನು ಒಂದು ಸಲ ನೋಡಿ, 'ಹನ್ನೊಂದು ದಿನ' ಎಂದರು. ಆಮೇಲೆ ಒಳಗೆ ಕೂಗಿದರು: 'ಸಿಸ್ಟರ್, ಹುಡುಕೋದು ಬೇಡ. ದಪ್ಪ ದಾರ ತೆಗೀರಿ. ಬೇಗ ಮುಚ್ಚಿ ಬರೋಣ.'

'ಉಳೀತಾರಾ ಸರ್?'

'ಈಗ ಮತ್ತೆ ಮೊದಲನೇ ದಿನ ಅಂದ್ಕೊಳ್ಳಿ' ಎಂದು, ತೊಳೆದ ಕೈಗಳನ್ನು ಮುಂದೆ ಎತ್ತಿ ಹಿಡಿದು ಬೆನ್ನಿನಿಂದ ಬಾಗಿಲು ತಳ್ಳಿಕೊಂಡು ಒಳಗೆ ಹೋದರು.

ಬೆಂಚಿನ ಮೇಲೆ ಅತ್ತೆ ಕುಳಿತ ಹಾಗೆಯೇ ಇದ್ದಳು, ತುಟಿ ಮಾತ್ರ ನಿಂತಿತ್ತು. ಕೇಳಿಸಿದೆ ಎಂದು ಹಂಸಳಿಗೆ ತಿಳಿಯಿತು. ಎರಡು ಗೇಣು ದೂರ ಬಿಟ್ಟು ಕುಳಿತಳು. ಈಗ ಬರುತ್ತದೆ, ಆ ಮೊಟ್ಟೆಯ ಮಾತು ಈಗ ಬರುತ್ತದೆ, ನಮ್ಮ ಮನೆಯ ಹುಡುಗಿಯ ಬಾಯಲ್ಲಿ, ಆಸ್ಪತ್ರೆಯ ಆಯಾ ಎದುರಿಗೆ, ಎಂದು ಹಲ್ಲು ಕಚ್ಚಿ ಕಾದಳು. ಅತ್ತೆ ಎದುರುಗೋಡೆಯನ್ನು ನೋಡುತ್ತಾ,

'ಶುಕ್ರವಾರ ತೊವ್ವೆ ಕೇಳಿದ ಕಣೇ' ಎಂದಳು. 'ನೀನು ನಲ್ಲಿ ಹತ್ರ ಹೋಗಿದ್ದೆ. ಅಕ್ಕಾ, ಒಂದೇ ಒಂದು ಸೌಟು, ಕನಸಲ್ಲೆಲ್ಲಾ ಬರುತ್ತೆ ಅಂದ. ಸಾಯ್ಬೇಕು ಅಂತಿದೀಯಾ ಅಂತ ಗದರಿಸಿದೆ. ಪಾಪ, ಸುಮ್ನಾಗ್ಬಿಟ್ಟ.'

ಥಿಯೇಟರಿನೊಳಗಿಂದ ಲೋಹದ ತಟ್ಟೆಗೆ ಲೋಹ ಬಿದ್ದ ಸದ್ದು ಬಂತು. ಇಬ್ಬರೂ ಒಟ್ಟಿಗೇ ಬೆಚ್ಚಿದರು.

'ಗುಂಡಯ್ಯ ಎತ್ತಿದಾಗ ನೋಡಿದೆ' ಎಂದಳು ಅತ್ತೆ. 'ಎಂಥಾ ಕಾಲಿದ್ವು ಅವನಿಗೆ. ಎಲ್ಲಿಗೆ ಹೋಯ್ತೇ ಅಷ್ಟೂ?'

'ಗಾಯಕ್ಕೆ ಹೋಯ್ತು ಅತ್ತೆ.' ತನ್ನ ದನಿ ತನಗೇ ಹೊಸದಾಗಿ ಕೇಳುತ್ತಿತ್ತು. 'ಎಲ್ಲಾದರೂ ಕೊಯ್ದರೆ ಮೈಗೆ ಅದನ್ನ ಕೂಡಿಸೋಕೆ ಮಾಂಸ ಬೇಕಾಗುತ್ತೆ. ಬೇಳೆಯಿಂದ, ಹಾಲಿಂದ ಅದು ಬರಬೇಕು. ಬರದೇ ಇದ್ರೆ ಗಾಯ ಕಾಯಲ್ಲ. ತೊಡೆಯಿಂದ ತಗೊಳ್ಳುತ್ತೆ, ತೋಳಿಂದ ತಗೊಳ್ಳುತ್ತೆ. ಏಕಾದಶಿ ಥರ ಅಲ್ಲ ಇದು. ಏಕಾದಶಿಯಲ್ಲಿ ಮೈಗೆ ತಡ್ಕೊಳ್ಳೋದು ಗೊತ್ತು. ಗಾಯ ಆದಾಗ ಗೊತ್ತಾಗಲ್ಲ. ಕರಗಿಸ್ತಾನೇ ಇರುತ್ತೆ.'

ಅತ್ತೆ ಒಂದು ಶಬ್ದವನ್ನೂ ಬಿಡದೆ ಕೇಳಿದಳು. ಅವಳ ಬಲಗೈ ಮಡಿಲಲ್ಲಿ ಅಂಗಾತ ಬಿದ್ದಿತ್ತು.

'ನಾನು ಬಡಿಸಿದ್ದು ಗಂಜಿ' ಎಂದಳು ಕೊನೆಗೆ, ಒಂದೊಂದೇ ಮಾತು ಜೋಡಿಸಿಕೊಂಡು. 'ಹಾಗಾದ್ರೆ ಇಷ್ಟು ದಿವಸ ಅವನು ತಿಂತಾ ಇದ್ದದ್ದು ಏನನ್ನ?'

ಇದೊಂದಕ್ಕೆ ಸುಮ್ಮನಿರಬಹುದಿತ್ತು. ಸುಮ್ಮನಿದ್ದರೆ ಯಾರೂ ತಪ್ಪು ಎನ್ನುತ್ತಿರಲಿಲ್ಲ, ಕರುಣೆ ಎಂದೇ ಅನ್ನುತ್ತಿದ್ದರು. ಆದರೆ ತನ್ನ ಸುಮ್ಮನಿರುವಿಕೆಯ ಮೇಲೆ ಅವಳಿಗೆ ಈಗ ನಂಬಿಕೆ ಉಳಿದಿರಲಿಲ್ಲ. ಅದು ಯಾವ ರೂಪದಲ್ಲಿ ಬಂದರೂ ಹೆದರಿಕೆಯಾಗುತ್ತಿತ್ತು. ಅತ್ತೆಯ ಮುಖವನ್ನು ನೇರವಾಗಿ ನೋಡುತ್ತಾ,

'ತನ್ನನ್ನೇ' ಎಂದಳು ಹಂಸ, ಪಕ್ಕದ ಬೆಂಚಿನವರು ತಿರುಗಿ ನೋಡುವಷ್ಟು ಗಟ್ಟಿಯಾಗಿ.